ಗುರುವಾರದ ಬೆಳಚು

ನನ್ನ ಅಜ್ಜಿಯ ಕಥೆಗಳಲ್ಲಿ ರಾಕ್ಷಸ ಒಮ್ಮೆಯೂ ಸುಳ್ಳು ಹೇಳಿದ್ದಿಲ್ಲ. ತಿನ್ನುತ್ತೇನೆ ಎಂದರೆ ತಿನ್ನುತ್ತಿದ್ದ, ಬಿಡುತ್ತೇನೆ ಎಂದರೆ ಬಿಡುತ್ತಿದ್ದ. ಸುಳ್ಳು ಹೇಳುತ್ತಿದ್ದವರು ಬೇರೆಯವರು: ಅರಸನ ಮಂತ್ರಿ, ಮಲತಾಯಿ, ಕೆಲವೊಮ್ಮೆ ಮಾತಾಡುವ ಮೀನು. ಹಾಗಾಗಿ ನಮ್ಮೂರಿಗೆ ಹಂಡೆ ಬಂದಾಗ ನಾನು ಹಂಡೆಗೆ ಹೆದರಲಿಲ್ಲ. ಅದರ ಪರವಾಗಿ ಮಾತಾಡಲು ಬಂದವರ ಮುಖವನ್ನಷ್ಟೇ ನೋಡುತ್ತ ಕೂತೆ.

ಹಂಡೆ ಎಂಬುದು ನಮ್ಮೂರು ಕರಿಹೊಯ್ಗೆಯವರು ಇಟ್ಟ ಹೆಸರು. ಕಾಗದಪತ್ರದಲ್ಲಿ ಅದು ಚಿಕ್ಕ ಮಾಡ್ಯುಲರ್ ಅಣುಸ್ಥಾವರ, ಏಳನೇ ಘಟಕ. ನೋಡಲು ಮಾತ್ರ ಥೇಟ್ ಬಚ್ಚಲುಮನೆಯ ಹಂಡೆ, ಮೂರು ಮಾಳಿಗೆ ಎತ್ತರದ್ದು. ಎಲ್ಲೋ ಕಾರ್ಖಾನೆಯಲ್ಲಿ ಪೂರ್ತಿ ಬೆಸುಗೆ ಹಾಕಿ ಹಡಗಿನಲ್ಲಿ ತಂದು, ನದಿ ಕಡಲು ಸೇರುವ ನಮ್ಮ ಅಳಿವೆಯ ಪಕ್ಕ ನೆಲ ಅಗೆದು ಇಳಿಸಿ, ಮೇಲೆ ಕಾಂಕ್ರೀಟು ಮುಚ್ಚಿದರು. ಅದೇ ಅಚ್ಚಿನ ಹಂಡೆಗಳು ಏಷ್ಯಾದ ಹನ್ನೊಂದು ಕಡಲೂರುಗಳಲ್ಲಿ ಹೀಗೇ ನೆಲದೊಳಗೆ ಕೂತಿವೆ. ವಿಯೆಟ್ನಾಮಿನ ಒಂದು ನದೀಮುಖದಲ್ಲಿ, ಇಂಡೊನೇಷ್ಯಾದ ಎರಡು ದ್ವೀಪಗಳಲ್ಲಿ, ಫಿಲಿಪ್ಪೀನ್ಸಿನ ಒಂದು ಕೊಲ್ಲಿಯಲ್ಲಿ, ಹೀಗೆ.

ಅದರೊಳಗೆ ಮೂರು ಸುತ್ತು ನೀರು ಹರಿಯುತ್ತದೆ. ಮೊದಲ ಸುತ್ತಿನ ನೀರು ಉರಿಯುವ ಇಂಧನವನ್ನು ಮುಟ್ಟಿಕೊಂಡೇ ಇರುತ್ತದೆ. ಎರಡನೆಯದು ಅದರ ಕಾವು ಪಡೆದು ಉಗಿಯಾಗಿ ಟರ್ಬೈನು ತಿರುಗಿಸುತ್ತದೆ. ಮೂರನೆಯದು ಸಮುದ್ರದ ನೀರು. ಉಗಿಯನ್ನು ತಣಿಸಿ, ತಾನು ಬೆಚ್ಚಗಾಗಿ, ಅಳಿವೆಗೆ ಮರಳುತ್ತದೆ. ಮೂರೂ ಒಂದನ್ನೊಂದು ಮುಟ್ಟುವುದಿಲ್ಲ, ನಡುವೆ ಲೋಹದ ಕೊಳವೆಗಳ ಗೋಡೆ.

"ಒಂದು ಹನಿಯೂ ದಾಟುವುದಿಲ್ಲ," ಎಂದರು ಕಂಪನಿಯವರು, ಶಾಲೆಯ ಮೈದಾನದಲ್ಲಿ ಸಭೆ ಕರೆದು.

"ದಾಟುದಿಲ್ಲ ಅಂತ ನೋಡುದು ಯಾರು?" ದೋಣಿ ಗಣಪು ಎದ್ದು ಕೇಳಿದ.

"ನಮ್ಮ ಪ್ರಯೋಗಾಲಯವೇ ವಾರವಾರ ಪರೀಕ್ಷೆ ಮಾಡುತ್ತದೆ."

"ಹೌದಾ. ಹಾಗಾದ್ರೆ ಇನ್ನು ದೋಣಿಗೆ ತೂತು ಉಂಟೋ ಇಲ್ವೋ ಅಂತ ನಾನೂ ದೋಣಿ ಮಾರುವವನನ್ನೇ ಕೇಳ್ತೆ."

ಮೈದಾನ ಪೂರ್ತಿ ನಕ್ಕಿತು. ಆ ನಗುವಿನಿಂದಲೇ ಕರಾರು ಹುಟ್ಟಿತು. ಪರೀಕ್ಷೆಯ ಮಾದರಿಯನ್ನು ಕಂಪನಿಯವರು ಮುಟ್ಟಕೂಡದು. ಊರವರೇ ಹಿಡಿದು, ಡಬ್ಬಿಗೆ ಹಾಕಿ, ಊರ ಸಮಿತಿಯ ಮುದ್ರೆ ಒತ್ತಿ ಕೊಡಬೇಕು. ಪ್ರತಿ ಗುರುವಾರ ಅರ್ಧ ಕಿಲೋ, ಚಿಪ್ಪು ಬಿಡಿಸಿದ ಬೆಳಚು.

ಬೆಳಚು ಅಳಿವೆಯ ಕೆಸರಿನಲ್ಲಿ ಹೂತುಕೊಂಡು ಬದುಕುವ ಚಿಪ್ಪಿನ ಜೀವಿ. ಹಗಲಿಡೀ ನೀರು ಎಳೆದುಕೊಳ್ಳುವುದು, ಸೋಸುವುದು, ಬಿಡುವುದು, ಅದಕ್ಕಿರುವುದು ಅದೊಂದೇ ಕೆಲಸ. ಯಂತ್ರದ ಕಣ್ಣಿಗೂ ಬೀಳದಷ್ಟು ತೆಳುವಾಗಿ ನೀರಿನಲ್ಲಿ ಏನಾದರೂ ಇದ್ದರೆ, ಅದು ಬೆಳಚಿನ ಮೈಯಲ್ಲಿ ತಿಂಗಳುಗಟ್ಟಲೆ ಸೇರಿಕೊಂಡು ಕಡೆಗೊಮ್ಮೆ ಕಾಣುತ್ತದೆ. ಹಂಡೆಯ ಕೊಳವೆ ಎಲ್ಲಾದರೂ ಬಿರುಕು ಬಿಟ್ಟರೆ ಮೊದಲು ಹೇಳಬೇಕಾದ್ದು ಇದೇ.

ಯಾರ ಕೈಯಿಂದ ಕೊಡುವುದು ಎಂಬ ಪ್ರಶ್ನೆಗೆ ಊರಲ್ಲಿ ಎರಡು ಮಾತು ಬರಲಿಲ್ಲ. ನಲವತ್ತು ವರ್ಷ ಬೆಳಚು ಬಾಚಿದ ಕೈ, ಯಾರ ಮನೆಯ ಗುಟ್ಟನ್ನೂ ಇನ್ನೊಂದು ಮನೆಗೆ ಒಯ್ಯದ ಬಾಯಿ. ಮಾಸ್ತಜ್ಜಿ. ನನ್ನ ಅಜ್ಜಿ.

ಅಪ್ಪ, ಆಯಿ ಮಲ್ಪೆಯಲ್ಲಿ ಮೀನಿನ ಹಡಗಿನ ಕೆಲಸಕ್ಕೆ ನಿಂತಿದ್ದರಿಂದ ನಾನು ಬೆಳೆದದ್ದು ಅಜ್ಜಿಯ ಕಥೆಗಳ ಕೆಳಗೆ. ಆಮೇಲೆ ಕುಮಟೆಯಲ್ಲಿ ಭೌತಶಾಸ್ತ್ರ ಓದಿದೆ. ಮೂರು ವರ್ಷದ ಕೆಳಗೆ ಅದೇ ಹಂಡೆಯ ಪ್ರಯೋಗಾಲಯದಲ್ಲಿ ನನಗೆ ಕೆಲಸವಾಯಿತು. ಅಂದಿನಿಂದ ಮೀನುಪೇಟೆಯಲ್ಲಿ ನಾನು ಬಂದರೆ ಮಾತು ನಿಲ್ಲುತ್ತಿತ್ತು. "ಹಂಡೆ ಹುಡುಗಿ ಬಂತು, ಸುಮ್ನಿರಿ" ಎಂದು ಯಾರೋ ಅನ್ನುತ್ತಿದ್ದರು, ನನಗೆ ಕೇಳಲಿ ಎಂದೇ. ಅವರಿಗೆ ನನ್ನ ಮೇಲೆ ಗುಮಾನಿ, ನನಗೆ ಕಂಪನಿಯ ಮೇಲೆ ಗುಮಾನಿ. ಹೀಗೆ ದಿನಗಳು ಹೋಗುತ್ತಿದ್ದವು.

ನನ್ನ ಕೈಗೆ ಬರುವ ಹೊತ್ತಿಗೆ ಬೆಳಚು ಬೆಳಚಾಗಿರುತ್ತಿರಲಿಲ್ಲ. ಬೇರೆ ಕೋಣೆಯಲ್ಲಿ ಒಣಗಿಸಿ ಅರೆದು ಬೂದಿಬಣ್ಣದ ಪುಡಿ ಮಾಡಿ ಕೊಡುತ್ತಿದ್ದರು. ಅದನ್ನು ದಪ್ಪ ಸೀಸದ ಗೂಡಿನೊಳಗೆ, ಮೈಕೊರೆಯುವಷ್ಟು ತಣ್ಣಗಿಟ್ಟ ಒಂದು ಹರಳಿನ ಎದುರು ಇಡುವುದು ನನ್ನ ಕೆಲಸ. ಪುಡಿಯೊಳಗಿನ ಅಸ್ಥಿರ ಪರಮಾಣು ಒಡೆದಾಗಲೆಲ್ಲ ಒಂದು ಕಿರಣ ಹೊಮ್ಮುತ್ತದೆ, ಹರಳು ಅದನ್ನು ಎಣಿಸುತ್ತದೆ. ಒಂದು ಹಗಲು ಒಂದು ರಾತ್ರಿ ಎಣಿಸಿದ ಮೇಲೆ ಪರದೆಯ ಮೇಲೆ ಬೆಟ್ಟಸಾಲು ಮೂಡುತ್ತದೆ. ಯಾವ ಶಿಖರ ಎಲ್ಲಿದೆ ಎಂಬುದರ ಮೇಲೆ ಒಳಗೆ ಯಾವ ಧಾತು ಇದೆ ಎಂದು ತಿಳಿಯಬಹುದು. ಪೊಟ್ಯಾಸಿಯಂ ಒಂಟಿ ಗೋಪುರ. ಸೀಸಿಯಂ ಒಂಟಿ ತೆಂಗು. ಕೋಬಾಲ್ಟಿನವು ಅಕ್ಕಪಕ್ಕ ನಿಲ್ಲುವ ಅವಳಿಗಳು.

ನಾನು ಆ ಬೆಟ್ಟಗಳನ್ನು ನೋಡುತ್ತ ಕೂರುವುದು ಲ್ಯಾಬಿನವರಿಗೆ ನಗೆಪಾಟಲು. ಕಂಪ್ಯೂಟರು ತಾನೇ ಓದಿ ಫಲಿತಾಂಶ ಕೊಡುತ್ತದೆ, ಯಾರೂ ಚಿತ್ರ ನೋಡುವ ಅಗತ್ಯವಿಲ್ಲ. ಹಂಡೆಯಿಂದ ಬರಬಹುದಾದ ಹದಿನಾಲ್ಕು ಧಾತುಗಳ ಪಟ್ಟಿ ಅದಕ್ಕೆ ಗೊತ್ತು. ಪ್ರಕೃತಿಯಲ್ಲೇ ಇರುವಂಥದ್ದನ್ನೆಲ್ಲ ಹಿನ್ನೆಲೆ ಎಂದು ಕಳೆದುಬಿಡುತ್ತದೆ. ಕರಿಹೊಯ್ಗೆಯ ಫಲಿತಾಂಶ ಐದು ವರ್ಷದಿಂದ ಒಂದೇ. ಹದಿನಾಲ್ಕು ಸಾಲು, ಹದಿನಾಲ್ಕು ಸೊನ್ನೆ.

ನವೆಂಬರಿನಲ್ಲಿ ಐದು ವರ್ಷದ ವರದಿ ಸಿದ್ಧವಾಗುತ್ತಿತ್ತು. ಅದು ದಾಟಿದರೆ ನಮ್ಮ ಅಳಿವೆಗೆ ಇನ್ನೆರಡು ಹಂಡೆ ಬರುತ್ತವೆ. ಬೇರೆ ಊರುಗಳಲ್ಲಿ ಜನ ಪ್ರಶ್ನೆ ಕೇಳಿದಾಗ ಕಂಪನಿಯವರು ಪರದೆಯ ಮೇಲೆ ತೋರಿಸುವುದೂ ನಮ್ಮ ಸೊನ್ನೆಗಳನ್ನೇ. ವಿಶ್ಲೇಷಣೆ ಮಾಡಿದವರು ಎಂಬಲ್ಲಿ ನನ್ನ ಸಹಿ ಬೀಳಬೇಕಿತ್ತು.

ಸಹಿಗೆ ಮುಂಚೆ ಹರಳು ಸರಿಯಾಗಿದೆಯೋ ನೋಡೋಣವೆಂದು ನಮ್ಮ ಮನೆಯಂಗಳದ ಹೊಯ್ಗೆಯನ್ನು ಒಂದು ಡಬ್ಬಿಯಲ್ಲಿ ಒಯ್ದು ಎಣಿಸಿದೆ. ನಮ್ಮದು ಕಪ್ಪು ಮರಳಿನ ಹೊಯ್ಗೆ, ಊರಿಗೆ ಹೆಸರು ಬಂದದ್ದೇ ಅದರಿಂದ. ಅದರಲ್ಲಿ ತುಸು ಥೋರಿಯಂ ಇದೆ. ಹಂಡೆಗೂ ಅದಕ್ಕೂ ಸಂಬಂಧವಿಲ್ಲ, ಊರು ಹುಟ್ಟುವ ಮೊದಲಿನಿಂದಲೂ ಇದ್ದದ್ದು. ಪರದೆಯ ಮೇಲೆ ಥೋರಿಯಂ ಶಿಖರಗಳು ಸಾಲಾಗಿ ಎದ್ದವು. ಎಷ್ಟು ಚಂದ ಎಂದು ನೋಡುತ್ತಿದ್ದವಳು ಸುಮ್ಮನೆ ಅದರ ಮೇಲೆ ಗುರುವಾರದ ಬೆಳಚಿನ ಚಿತ್ರವನ್ನು ಇಟ್ಟೆ.

ಬೆಳಚಿನಲ್ಲಿ ಆ ಶಿಖರಗಳಿರಲಿಲ್ಲ. ತಗ್ಗಾಗಿಯೂ ಇರಲಿಲ್ಲ.

ಹಗಲಿಡೀ ಕರಿ ಹೊಯ್ಗೆಯನ್ನೇ ನುಂಗಿ ಉಗುಳುವ ಜೀವಿಯ ಮೈಯಲ್ಲಿ ಕರಿ ಹೊಯ್ಗೆಯ ಸುಳಿವೇ ಇಲ್ಲ. ಹಿಂದಿನ ವಾರದ್ದು ತೆಗೆದೆ. ಅದರ ಹಿಂದಿನದು. ಹೋದ ವರ್ಷದ್ದು. ಊಟದ ಗಂಟೆ ಹೊಡೆಯಿತು, ಏಳಲಿಲ್ಲ. ಸುಮಾರು ಇನ್ನೂರೈವತ್ತು ಗುರುವಾರಗಳು, ಒಂದರಲ್ಲೂ ಇಲ್ಲ. ಈ ಬೆಳಚು ನಮ್ಮ ಅಳಿವೆಯದ್ದಲ್ಲ. ಯಾರೋ ಬದಲಿಸುತ್ತಿದ್ದಾರೆ.

ನಮ್ಮ ಲ್ಯಾಬಿನ ಮುಖ್ಯಸ್ಥರು ಹಂಚಿನಾಳ ಸರ್, ವಿಜಯಪುರದ ಕಡೆಯವರು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಐದು ವರ್ಷ ಕಳೆದ ಮನುಷ್ಯ. ಎರಡೂ ಚಿತ್ರ ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಳ್ಳಲೇ ಇಲ್ಲ.

"ಥೋರಿಯಂ ನಮ್ಮ ಪಟ್ಟಿಯೊಳಗ ಐತೇನವಾ?"

"ಇಲ್ಲ ಸರ್. ಆದರೆ..."

"ಹಿನ್ನೆಲೆ ಅದು. ಹಿನ್ನೆಲಿ ನೋಡ್ಕೋತ ಕುಂತ್ರ ಮುನ್ನೆಲಿ ಯಾರು ನೋಡ್ತಾರ? ಶುಕ್ರವಾರದೊಳಗ ವರದಿ ಮುಗಸು." ಹೀಗೆಂದು ಅವರು ಚಿತ್ರಗಳನ್ನು ತಮ್ಮ ಡ್ರಾಯರಿಗೆ ಹಾಕಿ ಕೀಲಿ ತಿರುಗಿಸಿದರು. ಚಿತ್ರಗಳನ್ನು ಯಾಕೆ ಕೀಲಿಯೊಳಗೆ ಇಡಬೇಕು?

ಅಂದಿನಿಂದ ನಾನು ಬೆಕ್ಕಾದೆ. ಗುರುವಾರ ಡಬ್ಬಿ ಬರುವ ಹೊತ್ತಿಗೆ ಗೇಟಿನಲ್ಲೇ ನಿಂತೆ. ಮುದ್ರೆ ನೋಡಿದೆ, ಸರಿಯಿತ್ತು. ಒಣಗಿಸುವ ಕೋಣೆಯಲ್ಲಿ ಏನೋ ನೆಪ ಹೇಳಿ ಕೂತೆ. ಡಬ್ಬಿಯ ಮುದ್ರೆ ನನ್ನ ಕಣ್ಣೆದುರೇ ಒಡೆಯಿತು, ಅದೇ ಮಾಂಸ ಒಲೆಗೆ ಹೋಯಿತು, ಅದೇ ಪುಡಿಯಾಯಿತು. ಸರ್ ಅತ್ತ ಸುಳಿಯಲೂ ಇಲ್ಲ. ಆ ಪುಡಿಯನ್ನು ಎಣಿಸಿದರೆ ಮತ್ತೆ ಥೋರಿಯಂ ಇಲ್ಲದ ಬೆಟ್ಟಸಾಲು. ಹಾಗಾದರೆ ಮೋಸ ಹರಳಿನೊಳಗೇ ಇದೆಯೇ? ಕಂಪ್ಯೂಟರಿನಲ್ಲಿ? ಮುದ್ರೆಯನ್ನೇ ನಕಲಿ ಮಾಡಿದ್ದಾರೆಯೇ? ವರದಿಗೆ ಸಹಿ ಹಾಕದೆ ಜ್ವರ ಎಂದು ಎರಡು ದಿನ ತಳ್ಳಿದೆ.

ಇದರ ನಡುವೆ ಮಾರಿಸೆಲ್ ಬಂದಳು. ಫಿಲಿಪ್ಪೀನ್ಸಿನ ಒಂಬತ್ತನೇ ಘಟಕದಲ್ಲಿ ನನ್ನದೇ ಕೆಲಸ ಮಾಡುವ ಹುಡುಗಿ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವರ ಹಂಡೆ ಹೊತ್ತಿ ಒಂದೂವರೆ ವರ್ಷವಷ್ಟೇ ಆಗಿತ್ತು. ಹನ್ನೊಂದರಲ್ಲಿ ಅತ್ಯಂತ ಶುದ್ಧ ದಾಖಲೆ ಕರಿಹೊಯ್ಗೆಯದ್ದು, ಅಲ್ಲಿಗೆ ಹೋಗಿ ಕಲಿತು ಬಾ ಎಂದು ಕಂಪನಿ ಕಳಿಸಿತ್ತಂತೆ. ನಮ್ಮಿಬ್ಬರ ನಡುವೆ ಇಂಗ್ಲಿಷಿನಲ್ಲಿ ಮಾತು.

"ಡಬ್ಬಿ ಮೊದಲು ಯಾರ ಕೈಗೆ ಹೋಗುತ್ತದೆ?" ಎಂದು ಕೇಳಿದಳು. "ಮುದ್ರೆ ಯಾರ ಹತ್ತಿರ ಇರುತ್ತದೆ? ನೀನು ಚಿತ್ರಗಳನ್ನು ನೋಡುತ್ತೀಯಾ?"

ಇವಳಿಗೆ ಇದೆಲ್ಲ ಯಾಕೆ ಬೇಕು? ಹಂಚಿನಾಳ ಸರ್ ನನ್ನನ್ನು ಕಾಯಲು ಕರೆಸಿದ್ದಾರೆ ಎಂದೇ ಅನಿಸಿತು. ಎಲ್ಲದಕ್ಕೂ ಅರ್ಧ ಉತ್ತರ ಕೊಟ್ಟೆ. ಫೋನಿನಲ್ಲಿ ನಾಲ್ಕು ವರ್ಷದ ಮಗಳ ಚಿತ್ರ ತೋರಿಸಿದಳು, ಕೈಯಲ್ಲಿ ತನ್ನ ಮುಖದಷ್ಟೇ ದೊಡ್ಡ ಏಡಿ ಹಿಡಿದು ನಗುವ ಮಗು. ಅದು ಅವಳದ್ದೇ ಮಗುವೋ ಎಂದೂ ಒಂದು ಗಳಿಗೆ ಸಂಶಯಪಟ್ಟೆ. ಆಗ ನನಗೆ ಹಿಡಿದಿದ್ದ ಗುಮಾನಿ ಅಂಥದ್ದು.

ಅಜ್ಜಿಗೆ ಮಾತ್ರ ಅಂಥದ್ದೇನೂ ಇಲ್ಲ. "ಪಾಪ, ಸಣ್ಣ ಮಗು ಬಿಟ್ಟು ಅಷ್ಟು ದೂರದಿಂದ ಬಂದದೆ. ಭಾನುವಾರ ಊಟಕ್ಕೆ ಕರಿ," ಎಂದಳು. ಭಾನುವಾರ ಬೆಳಿಗ್ಗೆ ನನ್ನ ಕೈಗೆ ಚೀಲ ಕೊಟ್ಟಳು. "ಆಚೆದಡಕ್ಕೆ ಹೋಗಿ ಎರಡು ಕಿಲೋ ಬೆಳಚು ತಕಂಡು ಬಾ."

"ಮನೆಯಲ್ಲೇ ಉಂಟಲ್ಲ ಅಜ್ಜಿ, ನಿನ್ನೆ ತಂದದ್ದು."

"ಅದು ಕರಿ ಬೆಳಚೇ. ಬಂದವ್ರಿಗೆ ಬಡಿಸುದಾ ಅದ್ನ? ನಿಂಗೆ ಓದಿ ಓದಿ ತಲೆ ಖಾಲಿಯಾಗದೆ."

ಹೌದು, ನನಗೆ ಗೊತ್ತಿದ್ದದ್ದೇ. ನಮ್ಮ ಹೊಯ್ಗೆಯ ಬೆಳಚಿನ ಚಿಪ್ಪು ಕಪ್ಪು, ಮಾಂಸ ಕಿರಿದು, ಎಷ್ಟು ಸಲ ತೊಳೆದರೂ ಹಲ್ಲಿಗೆ ಹೊಯ್ಗೆ ಸಿಗುತ್ತದೆ. ಅದು ಮನೆಯವರ ಬಾಯಿಗೆ, ಹೆಚ್ಚಾದದ್ದು ಅಗ್ಗಕ್ಕೆ ಪೇಟೆಗೆ. ನೆಂಟರು ಬಂದರೆ, ಬೀಗರು ಬಂದರೆ, ಗುರುತಿಲ್ಲದವರು ದಾರಿತಪ್ಪಿ ಬಂದರೂ, ನದಿ ದಾಟಿ ಆಚೆದಡದ ಬಿಳಿ ಹೊಯ್ಗೆಯ ಬೆಳಚು ತರುತ್ತಾರೆ. ದಪ್ಪ, ಸಿಹಿ, ಹಾಲಿನ ಬಣ್ಣದ್ದು. ಹೊರಗಿನವರ ಬಾಳೆಗೆ ಕರಿ ಬೆಳಚು ಬಡಿಸಿದ ಮನೆಯ ಮಾತು ಹತ್ತು ವರ್ಷವಾದರೂ ಊರಲ್ಲಿ ಸಾಯುವುದಿಲ್ಲ.

ಬಾರ್ಜಿನಲ್ಲಿ ದಾಟಿ ಹೋದೆ. ಆಚೆದಡದಲ್ಲಿ ಬೆಳಚು ಮಾರುವ ಯಂಕಿ ನನ್ನನ್ನು ನೋಡಿ ಹುಬ್ಬೇರಿಸಿದಳು. "ಮಾಸ್ತಕ್ಕನ ಮೊಮ್ಮಗಳಲ್ವಾ? ಇವತ್ತೆಂತ ಭಾನುವಾರ? ಅವ್ರು ಬರುದು ಗುರುವಾರ ಅಲ್ವನೇ."

"ಗುರುವಾರ?"

"ಮತ್ತೆ? ಇಷ್ಟು ವರ್ಷ ಒಂದು ವಾರ ತಪ್ಪಿಸಿದ್ದಿಲ್ಲ ಮರಾಯ್ತಿ. ಅರ್ಧ ಕಿಲೋ, ಆರಿಸಿ ಆರಿಸಿ, ಇಲ್ಲೇ ಕೂತು ಚಿಪ್ಪು ಬಿಡಿಸ್ತಾರೆ. ಸರಕಾರದವ್ರಿಗೆ ಹೋಗುದು, ಸಣ್ಣದು ಹಾಕ್ಬೇಡ ಅಂತ ನನ್ನ ಹತ್ರ ಜಗಳ ಬೇರೆ."

ಗುರುವಾರ ನಾನು ಆರೂವರೆಯ ಬಸ್ಸಿಗೆ ಹೋಗುತ್ತೇನೆ. ಡಬ್ಬಿ ಕೊಡುವುದು ಹತ್ತಕ್ಕೆ. ನಡುವೆ ಅಜ್ಜಿ ನದಿ ದಾಟಿ ಬರುತ್ತಿದ್ದಳು. ಯಂಕಿ ತೂಕ ಹಾಕುತ್ತ ಏನೇನೋ ಹೇಳುತ್ತಿದ್ದಳು, ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಕಂಪನಿ ಮೋಸ ಮಾಡದಿರಲಿ ಎಂದು ಊರವರು ಹಟ ಹಿಡಿದು ಮಾದರಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಆ ಕೈ ಐದು ವರ್ಷ, ಹಂಡೆಯ ನೀರು ತಲುಪದ ದಡದಿಂದ, ಬಂದವರಿಗೆ ಬಡಿಸುವ ಬೆಳಚನ್ನು ತಂದು ಬಡಿಸಿತ್ತು. ನಮ್ಮ ಅಳಿವೆಯ ಬೆಳಚನ್ನು ಇದುವರೆಗೂ ಯಾರೂ ಪರೀಕ್ಷಿಸಿಯೇ ಇಲ್ಲ. ಅದನ್ನು ನಾವು ತಿಂದಿದ್ದೇವೆ ಅಷ್ಟೆ. ವಾರಕ್ಕೆ ಮೂರು ದಿನ, ನಾನು, ಅಜ್ಜಿ, ಊರ ಮಕ್ಕಳೆಲ್ಲ.

ಮಾರಿಸೆಲ್ ಎರಡು ಸಲ ಹಾಕಿಸಿಕೊಂಡು ಉಂಡಳು. ಅಜ್ಜಿಗೆ ಹಿಗ್ಗು. ಕೈ ತೊಳೆದು ಅವಳು ಜಗಲಿಯಲ್ಲಿ ಕೂತ ಮೇಲೆ ನಾನು ಅಜ್ಜಿಯನ್ನು ಹಿತ್ತಿಲಿಗೆ ಕರೆದೆ.

"ಗುರುವಾರ ಡಬ್ಬಿಗೆ ಆಚೆದಡದ ಬೆಳಚು ಹಾಕ್ತೀಯಾ ನೀನು?"

"ಮತ್ತೆಂತ ಹಾಕುದು?" ಅವಳ ಮುಖದಲ್ಲಿ ಅಳುಕಿರಲಿಲ್ಲ, ಆಶ್ಚರ್ಯವಿತ್ತು.

"ನಮ್ಮ ಅಳಿವೆಯದ್ದು ಹಾಕ್ಬೇಕು ಅಜ್ಜಿ. ಪರೀಕ್ಷೆ ಅದಕ್ಕೇ ಮಾಡುದು."

"ಪರೀಕ್ಷೆಗೆ ಹೋಗುವಾಗ ನೀನು ಹರಕು ಲಂಗ ಹಾಕ್ಕಂಡು ಹೋಗ್ತಿದ್ಯಾ? ಇಸ್ತ್ರಿ ಮಾಡ್ಸಿ ಕಳಿಸ್ತಿದ್ದೆ ನಾನು." ಸೆರಗು ಕೊಡವಿ ಕಲ್ಲಿನ ಮೇಲೆ ಕೂತಳು. "ನಿಂಗೆ ಹೇಳ್ತಿದ್ನಲ್ಲ, ನೀರ ಕೆಳಗಿನ ಅರಸನ ಕಥೆ. ವಾರಕ್ಕೊಂದು ಮನೆಯಿಂದ ಒಂದು ತುತ್ತು ಕೇಳ್ತಿದ್ದ. ತುತ್ತು ರುಚಿಯಾದ್ರೆ ಆ ಕಡೆ ಮತ್ತೆ ಕಣ್ಣು ಹಾಕ್ತಿರ್ಲಿಲ್ಲ. ಕಂಪನಿಯವ್ರು ಗುರುವಾರ ತುತ್ತು ಕೇಳಿದ್ರು. ಒಳ್ಳೇದು ಕೊಟ್ಟೆ. ಅವ್ರೂ ಒಳ್ಳೇದು ಉಂಟು ಅಂದ್ರು. ನಮ್ಮ ಹೆಣ್ಮಕ್ಕಳ ಬೆಳಚು ಪೇಟೇಲಿ ಖರ್ಚಾಗ್ತದೆ. ಯಾರಿಗೆ ಎಂತ ತೊಂದ್ರೆಯಾಯ್ತು?"

ಕಡೆಯ ಮಾತಿನಲ್ಲಿ ಬರೀ ಮರ್ಯಾದೆ ಇರಲಿಲ್ಲ, ಜಾಣತನವೂ ಇತ್ತು. ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ನನ್ನ ಕಣ್ಣು ತಪ್ಪಿಸಿ ತುಳಸಿಯ ಕಡೆ ನೋಡಿದಳು.

"ಹಂಡೆಗೆ ತೂತು ಬಿದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ ಅಜ್ಜಿ. ನಾವು ತಿನ್ನುದನ್ನ ನಾನು ನೋಡ್ಲೇ ಇಲ್ಲ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಎದ್ದು ಮಾಡಿನಿಂದ ಬುಟ್ಟಿ ತೆಗೆದಳು. "ಇಳಿತ ಮೂರು ಗಂಟೆಗೆ. ಬಿಸಿನೀರು ಬೀಳು ಜಾಗದಲ್ಲಿ ಈಗ ಬೆಳಚು ಜಾಸ್ತಿ. ನಡಿ."

ಮಾರಿಸೆಲ್ ತಾನೂ ಬರುತ್ತೇನೆಂದಳು. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಅಜ್ಜಿ ಸೀರೆ ಎತ್ತಿ ಕಟ್ಟಿ ಸೊಂಟದವರೆಗಿನ ನೀರಿಗಿಳಿದು ಕಾಲಿನಲ್ಲೇ ತಡಕಿ ಬೆಳಚು ಬಾಚಿದಳು. ನೀರು ಅಲ್ಲಿ ಬಾಣಂತಿಯ ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ಚಿಪ್ಪುಗಳು ಕಪ್ಪಗಿದ್ದವು. ಅವನ್ನು ಕಂಡು ಮಾರಿಸೆಲ್ ನನ್ನತ್ತ ನೋಡಿದಳು. ಊಟದ ಬಟ್ಟಲಲ್ಲಿ ಇದ್ದದ್ದು ಇವಲ್ಲ ಎಂದು ಅವಳಿಗೆ ತಿಳಿದಿತ್ತು.

ಅಂದು ರಾತ್ರಿಯೇ ಲ್ಯಾಬಿನಲ್ಲಿ ಒಣಗಿಸಿ ಅರೆದು, ಸೋಮವಾರ ಬೆಳಿಗ್ಗೆ ಪುಡಿಯನ್ನು ಗೂಡಿಗೆ ಇಟ್ಟೆ. ಮಂಗಳವಾರ ಬಾಗಿಲು ಹಾಕಿಕೊಂಡು ಪರದೆ ನೋಡಿದೆ.

ಥೋರಿಯಂ ಶಿಖರಗಳು ಒಂದೂ ತಪ್ಪದೆ ನಿಂತಿದ್ದವು, ಮನೆಯವರು ಮನೆಗೆ ಬಂದ ಹಾಗೆ. ನಾನು ಇನ್ನೇನು ಉಸಿರು ಬಿಡಬೇಕು, ಬಲಗಡೆ, ಪೊಟ್ಯಾಸಿಯಮ್ಮಿನ ಗೋಪುರಕ್ಕೆ ಸ್ವಲ್ಪ ಮೊದಲು, ಎರಡು ಪುಟ್ಟ ಗುಡ್ಡ ಕಂಡವು. ಅಕ್ಕಪಕ್ಕ, ಒಂದೇ ಎತ್ತರ. ಅವಳಿಗಳು.

ಕೋಬಾಲ್ಟ್ ಅರವತ್ತು. ಅದು ಹೊಯ್ಗೆಯಲ್ಲಿ ಹುಟ್ಟುವುದಿಲ್ಲ, ಮಳೆಯಲ್ಲಿ ಬರುವುದಿಲ್ಲ. ಹಂಡೆಯೊಳಗಿನ ಉಕ್ಕು ಸವೆದು, ಮೊದಲ ಸುತ್ತಿನ ನೀರಿನಲ್ಲಿ ತಿರುಗುವಾಗ ಹುಟ್ಟುವಂಥದ್ದು. ಒಂದು ಹನಿಯೂ ದಾಟದ ಎರಡೂ ಗೋಡೆಗಳನ್ನು ಅದು ದಾಟಿತ್ತು, ಎಲ್ಲೋ ಕೊಳವೆಗಳ ಕೂದಲೆಳೆ ಬಿರುಕಿನೊಳಗಿಂದ. ಎಷ್ಟು ದಿನದಿಂದ? ಯಾರಿಗೆ ಗೊತ್ತು.

ಹಂಚಿನಾಳ ಸರ್ ಈ ಸಲ ಕನ್ನಡಕ ಹಾಕಿಕೊಂಡರು. ನಾನು ಎಲ್ಲ ಹೇಳಿದೆ, ಅಜ್ಜಿಯನ್ನೂ, ಯಂಕಿಯನ್ನೂ. ಅವರು ಡ್ರಾಯರಿನ ಕೀಲಿ ತೆಗೆದರು. ನನ್ನ ಎರಡು ಚಿತ್ರಗಳ ಕೆಳಗೆ ಇನ್ನೊಂದು ಕಟ್ಟು ಇತ್ತು, ಅಂಚು ಹಳದಿಯಾದದ್ದು. ಅದೇ ಹೋಲಿಕೆ, ಅದೇ ಥೋರಿಯಂ, ಅವರದ್ದೇ ಅಕ್ಷರ.

"ಎರಡನೇ ವರ್ಷ," ಎಂದರು. "ನಿನಗಿಂತ ಮುಂಚೆ ನಾನೂ ಚಿತ್ರ ನೋಡ್ತಿದ್ದೆ."

"ಯಾರನ್ನೂ ಕೇಳಲಿಲ್ವಾ ಸರ್?"

"ಕೇಳಿದ್ರ ಉತ್ತರ ಬರ್ತಿತ್ತಲ್ಲ."

ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಸದ್ದು ನಿಂತ ಮೇಲೆ ಅವರು ಮುಂದುವರಿಸಿದರು. "ಕಿಲೋಕ್ಕ ಹದಿನಾಲ್ಕು ಬೆಕೆರೆಲ್ ವಿಕಿರಣ. ತಿನ್ನೂ ವಸ್ತುಕ್ಕ ಮಿತಿ ಸಾವಿರ ಐತಿ. ಯಾರಿಗೂ ಏನೂ ಆಗೂದಿಲ್ಲ, ನಾ ನನ್ನ ಮಗಳಿಗೆ ಉಣ್ಣಸ್ತಿದ್ದೆ, ನಾವು ಮೀನ ತಿಂತಿದ್ರ. ಇದನ್ನ ಬರದ್ರ ಏನಾಗ್ತದ ಗೊತ್ತೈತಿ? ಐದು ವರ್ಷದ ದಾಖಲೆ ಕಸ. ಹಂಡೆ ಬಂದ್. ನಾಳೆ ನಿಮ್ಮೂರ ಬೆಳಚು ನಾಯಿನೂ ಮೂಸಂಗಿಲ್ಲ. ಮ್ಯಾಲ ನಿಮ್ಮಜ್ಜಿ ಹೆಸರು. ಹುಡುಗಿ ಲ್ಯಾಬಿನ್ಯಾಗ, ಅಜ್ಜಿ ಡಬ್ಬಿ ಬದಲ್ ಮಾಡಾಕಿ. ಯಾರ್ ನಂಬ್ತಾರ ನಿಮ್ಮನ್ನ?"

ಆ ದನಿಯಲ್ಲಿ ಗದರಿಕೆ ಇರಲಿಲ್ಲ, ಕಾಳಜಿಯಿತ್ತು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಮನೆಗೆ ಬಂದು ಹದಿನಾಲ್ಕು, ಸಾವಿರ, ಬಿರುಕು, ಎಲ್ಲ ಹೇಳಿದೆ. ಅಜ್ಜಿ ಗಂಜಿಯ ಪಾತ್ರೆಯ ಮುಂದೆ ಕೂತು ಕೇಳಿದಳು.

"ತಿನ್ಬಹುದಾ?"

"ತಿನ್ಬಹುದು. ಈಗ ಇರುವಷ್ಟಕ್ಕೆ ಏನೂ ಆಗುದಿಲ್ಲ."

"ನಾಳೆ?"

"ಬಿರುಕು ದೊಡ್ಡದಾದ್ರೆ ಗೊತ್ತಿಲ್ಲ. ಅದು ದೊಡ್ಡದಾಗ್ತದೆ ಅಂತ ಹೇಳುದಕ್ಕೂ ಬೆಳಚೇ ಬೇಕು."

"ನೀನು ಬರೆದ್ರೆ ನಿನ್ನ ಕೆಲ್ಸ ಹೋಗ್ತದಾ?"

"ಹೋಗ್ಬಹುದು."

"ನನ್ನ ಹೆಸ್ರು?"

ನಾನು ತಟ್ಟೆ ಮುಂದೆ ಸರಿಸಿದೆ. ಅವಳು ನನಗೆ ಗಂಜಿ ಬಡಿಸಿದಳು, ಪಕ್ಕಕ್ಕೆ ಕರಿ ಬೆಳಚಿನ ಸುಕ್ಕ. ಕೈ ಒಂದು ಗಳಿಗೆ ನಿಂತಿತು. ಬಟ್ಟಲನ್ನು ವಾಪಸ್ ತೆಗೆದು ತನ್ನ ಕಡೆ ಇಟ್ಟುಕೊಂಡು, ನನಗೆ ಉಪ್ಪಿನಕಾಯಿ ಹಾಕಿದಳು. ತಿನ್ನಬಹುದು ಎಂದ ನನ್ನ ಮಾತನ್ನು ನನ್ನ ಅಜ್ಜಿಯೇ ನಂಬಲಿಲ್ಲ. ಇನ್ನು ಪೇಟೆ ನಂಬುತ್ತದೆಯೇ?

ಗುರುವಾರ ಹತ್ತು ಗಂಟೆಗೆ ನಾನು ರಜೆ ಹಾಕಿ, ಡಬ್ಬಿಗೆ ಮುದ್ರೆ ಒತ್ತುವ ದೋಣಿಧಕ್ಕೆಯಲ್ಲಿದ್ದೆ. ಸಮಿತಿಯ ಐದು ಜನ, ಬೆಳಚಿನ ಹೆಂಗಸರು, ದೋಣಿ ಗಣಪು, ಮಾರಿಸೆಲ್. ಅಜ್ಜಿ ಬುಟ್ಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕಪ್ಪು ಚಿಪ್ಪುಗಳು ಗಲಗಲ ಉರುಳಿದವು.

"ಇಷ್ಟು ವರ್ಷ ಆಚೆದಡದ್ದು ಹಾಕ್ತಿದ್ದೆ," ಎಂದಳು. "ಯಾರೂ ಹಾಕು ಅಂದದ್ದಲ್ಲ, ನಾನೇ ಹಾಕಿದ್ದು. ಮೊಮ್ಮಗಳಿಗೆ ಗೊತ್ತಿರ್ಲಿಲ್ಲ. ಇವತ್ತಿಂದ ಇದು. ಇದ್ರಲ್ಲಿ ಹಂಡೆದು ಎಂತದೋ ಉಂಟಂತೆ, ಈ ಹುಡುಗಿ ಹೇಳ್ತದೆ ಕೇಳಿ."

ಸಮಿತಿಯ ಅಧ್ಯಕ್ಷರು ಮುದ್ರೆ ಹಿಡಿದುಕೊಂಡೇ ನಿಂತರು. ಬೆಳಚಿನ ಹೆಂಗಸರಲ್ಲಿ ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಣಪು ಮೇಜಿನ ಹತ್ತಿರ ಬಂದು ಒಂದು ಚಿಪ್ಪು ಎತ್ತಿ ನೋಡಿದ.

"ಕಂಪನಿಯವ್ರನ್ನ ಕಾಯ್ಲಿಕ್ಕೆ ಕೂರ್ಸಿದ್ದು ನಿನ್ನ, ಮಾಸ್ತಜ್ಜಿ. ನಿನ್ನ ಕಾಯ್ಲಿಕ್ಕೆ ಯಾರನ್ನ ಕೂರ್ಸುದಿತ್ತು ನಾವು?"

ಅಜ್ಜಿ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಬೆಟ್ಟಸಾಲಿನ ಚಿತ್ರವನ್ನು ಬಿಚ್ಚಿ ಅವಳಿಗಳ ಮೇಲೆ ಬೆರಳಿಟ್ಟು ಹೇಳತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಬೆಳಚಿನ ಹೆಂಗಸರು ಎದ್ದು ಹೋಗಿದ್ದರು.

ಶುಕ್ರವಾರ ವರದಿಗೆ ಸಹಿ ಹಾಕಿದೆ, ಅವಳಿಗಳ ಸಮೇತ. ಕೆಳಗೆ ಹಂಚಿನಾಳ ಸರ್ ಸಹಿ ಬೇಕಿತ್ತು. ಅವರು ಆ ಹಾಳೆಯನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎದುರಿಗಿಟ್ಟುಕೊಂಡು ಕೂತಿದ್ದರು. ಊಟಕ್ಕೂ ಏಳಲಿಲ್ಲ. ಆಮೇಲೆ ತಮ್ಮ ಹಳದಿ ಅಂಚಿನ ಕಟ್ಟನ್ನೂ ಅದಕ್ಕೆ ಪಿನ್ ಹೊಡೆದು, ಎರಡನೇ ವರ್ಷದ ತಾರೀಖು ಕಾಣುವಂತೆ ಮೇಲಿಟ್ಟು, ಸಹಿ ಮಾಡಿದರು. "ಇನ್ನ ನಿನ್ನೊಬ್ಬಾಕಿನ್ನ ಮನಿಗೆ ಕಳಸೂದು ಕಷ್ಟ ಆಗ್ತದ ಅವ್ರಿಗೆ," ಎಂದರು.

ನಿಯಮದ ಪ್ರಕಾರ ಹಂಡೆಯನ್ನು ತಣಿಸಿ ಕೊಳವೆಗಳನ್ನು ತಪಾಸಣೆ ಮಾಡಲೇಬೇಕು. ಶನಿವಾರ ಬೆಳಿಗ್ಗೆ ನಿಯಂತ್ರಣ ಕೋಣೆಯ ಗಾಜಿನ ಈಚೆ ನಾನೂ ಮಾರಿಸೆಲ್ಲೂ ನಿಂತು ನೋಡಿದೆವು. ಹಂಡೆಯ ಶಕ್ತಿ ತೋರಿಸುವ ಪರದೆಯ ಅಂಕಿ ನೂರರಿಂದ ತೊಂಬತ್ತು, ಎಂಬತ್ತು, ಮೆಲ್ಲಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಪೇಟೆಯಲ್ಲಿ ಕರಿಹೊಯ್ಗೆಯ ಬೆಳಚು ಕೇಳುವವರಿಲ್ಲದಾಗಿತ್ತು. ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ. ಅಜ್ಜಿ ಜಗಲಿಗೆ ಬಂದು ಕೂರುವುದನ್ನೇ ಬಿಟ್ಟಿದ್ದಳು.

ಮಾರಿಸೆಲ್‌ಗೆ ಅಂದು ಸಂಜೆ ವಿಮಾನ. ಮೂರು ದಿನದಿಂದ ಅವಳು ಹೆಚ್ಚು ಹೊತ್ತು ಲ್ಯಾಬಿನಲ್ಲೇ ಕೂತಿದ್ದಳು. ಹನ್ನೊಂದೂ ಊರುಗಳ ದಾಖಲೆ ತೆರೆದು ಏನೋ ಹುಡುಕುತ್ತಿದ್ದಳು. ಅವಳು ನನ್ನನ್ನು ಕಾಯಲು ಬಂದವಳಲ್ಲ ಎಂದು ನನಗೆ ಖಾತ್ರಿಯಾದದ್ದು ಅವಳ ಕಣ್ಣು ನೋಡಿ. ಅವು ನಿದ್ದೆಗೆಟ್ಟಿದ್ದವು.

"ಪ್ರತಿ ಊರಿನ ಮಣ್ಣಿಗೂ ಒಂದು ಗುರುತು ಇರುತ್ತದೆ ಅಲ್ಲವಾ," ಎಂದಳು. "ನಮ್ಮ ಕೊಲ್ಲಿಯದ್ದು ಹಳೆಯ ಜ್ವಾಲಾಮುಖಿಯ ಬೂದಿ. ಅದರ ಶಿಖರಗಳು ನಮ್ಮ ಏಡಿಯಲ್ಲಿ ಕಾಣಬೇಕಿತ್ತು."

"ಕಾಣಲಿಲ್ವಾ?"

ಅವಳು ಫೋನು ತೆಗೆದಳು. ಅವರಲ್ಲೂ ಮಾದರಿ ಕೊಡುವುದು ಊರವರೇ, ಬೆಳಚಿನ ಬದಲು ಏಡಿ ಅಷ್ಟೆ. ನಮ್ಮ ಕರಾರನ್ನೇ ಮಾದರಿಯಾಗಿ ಇಟ್ಟುಕೊಂಡು ಮಾಡಿದ ಕರಾರು. ಅವರ ಬೀದಿಯಲ್ಲಿ ಆ ಕೆಲಸ ಅವಳ ತಾಯಿಯದ್ದು. ಆ ಕಡೆ ಮಗುವೊಂದು ಏನೋ ಹಾಡುತ್ತಿತ್ತು, ಆಮೇಲೆ ಹೆಂಗಸಿನ ದನಿ ಬಂತು. ಮಾರಿಸೆಲ್ ತನ್ನ ಭಾಷೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದಳು. ತಾಯಿ ನಕ್ಕು, ತುಂಬ ಹೊತ್ತು, ಮಗಳನ್ನು ಸಮಾಧಾನ ಮಾಡುವ ದನಿಯಲ್ಲಿ ಏನೋ ಹೇಳಿದಳು.

ಫೋನು ಇಟ್ಟ ಮೇಲೆ ಮಾರಿಸೆಲ್ ಗಾಜಿಗೆ ಹಣೆ ಒತ್ತಿ ನಿಂತಳು. ಆಚೆ ಅಂಕಿ ಮೂವತ್ತಕ್ಕೆ ಇಳಿದಿತ್ತು.

"ಏನಂದರು?" ಎಂದೆ.

"ಚಿಂತೆ ಮಾಡಬೇಡ ಅಂದಳು. ಪ್ರತಿ ಸಲವೂ ಒಳ್ಳೆಯದನ್ನೇ ಆರಿಸಿ ಕೊಟ್ಟಿದ್ದಾಳಂತೆ."